ಪಿಕಪ್‌ನ ಖಾಲಿ ತೂಕ: ಮೂರು ಕಾಗದ, ಮೂರು ಲೆಕ್ಕ. ಫಾರಂನಲ್ಲಿ ಯಾವುದು ಬರೆಯೋದು?

ಪ್ರಶ್ನೆ: ಸಾರ್, ನಮ್ಮದು ಮಳವಳ್ಳಿ ತಾಲೂಕು. ಮೈಸೂರಿನ ಶೋರೂಮಿನಲ್ಲಿ ಕ್ಯಾಬಿನ್ ಮತ್ತು ಚಾಸಿ ಮಾತ್ರ ಇರುವ ಪಿಕಪ್ ತೆಗೆದುಕೊಂಡು, ಮಂಡ್ಯದಲ್ಲಿ ಬಾಡಿ ಕಟ್ಟಿಸಿದ್ದೇನೆ. ಹೆಚ್ಚು ದಿನ ಮದ್ದೂರು ಮಾರ್ಕೆಟ್‌ಗೆ ಎಳನೀರು ಹೊಡೆಯುತ್ತೇವೆ, ಸಂತೆ ದಿನ ಕುರಿ. ಕುರಿಗೆ ಅಂತ ಬೇಕಾದಾಗ ಕೂರಿಸಿ, ಬೇಡವಾದಾಗ ಬಿಚ್ಚಿಡುವ ಕಬ್ಬಿಣದ ಗೂಡು ಮಾಡಿಸಿದ್ದೇನೆ. ಈಗ ರಿಜಿಸ್ಟ್ರೇಷನ್ ಕಾಗದ ತುಂಬಬೇಕು. ಸೇಲ್ ಸರ್ಟಿಫಿಕೇಟ್‌ನಲ್ಲಿ ಖಾಲಿ ತೂಕ 1,380 ಕೆಜಿ, ಜಿವಿಡಬ್ಲ್ಯು 2,950 ಕೆಜಿ ಅಂತ ಇದೆ. ಶೋರೂಮಿನವರು ಕೊಟ್ಟ ಪಾಂಪ್ಲೆಟ್‌ನಲ್ಲಿ ಲೋಡು 1,300 ಕೆಜಿ. ಹಾಗಾದರೆ ಖಾಲಿ ತೂಕ 1,650 ಆಗಬೇಕಲ್ಲ? ನಾನೂ ನನ್ನ ಮಗನೂ ಗಾಡಿಯಲ್ಲೇ ಕೂತು ವೇಬ್ರಿಡ್ಜ್‌ಗೆ ಹಾಕಿಸಿದೆವು, 1,960 ಬಂತು. ಗೂಡು ಆವತ್ತು ಮನೆಯಲ್ಲಿತ್ತು. ಏಜೆಂಟ್ ‘1,650 ಹಾಕಿಬಿಡಿ, ಯಾರು ನೋಡ್ತಾರೆ’ ಅನ್ನುತ್ತಾನೆ. ಯಾವುದು ಸರಿ? ಇನ್ನೊಂದು ವಿಷಯ. ನಮ್ಮ ಭಾವನ ಹಳೇ ಪಿಕಪ್ ಮಾರಾಟಕ್ಕಿದೆ, ಅದರ ಆರ್‌ಸಿಯಲ್ಲಿ ಅಕ್ಷರವೆಲ್ಲ ಅಳಿಸಿಹೋಗಿದೆ. ಅದರ ತೂಕ ಎಲ್ಲಿ ಹುಡುಕೋದು?

ಉತ್ತರ: ನಿಮ್ಮ ಕೈಲಿರುವ ಮೂರು ಖಾಲಿ ತೂಕಗಳಲ್ಲಿ ಒಂದನ್ನೂ ಫಾರಂಗೆ ಹಾಕುವ ಹಾಗಿಲ್ಲ. ಯಾವುದೂ ಸುಳ್ಳಲ್ಲ, ಆದರೆ ಮೂರೂ ಬೇರೆ ಬೇರೆ ಗಾಡಿಯ ತೂಕ. 1,380 ಅನ್ನುವುದು ಬಾಡಿ ಇಲ್ಲದ ಗಾಡಿಯದು. 1,650 ಕಂಪನಿಯೇ ಬಾಡಿ ಕೂರಿಸಿ ಮಾರುವ ಗಾಡಿಯದು, ನೀವು ಅದನ್ನು ತಗೊಂಡೇ ಇಲ್ಲ. 1,960 ಅಪ್ಪ ಮಗ ಇಬ್ಬರೂ ಕೂತ ಗಾಡಿಯದು. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಗಾಡಿ, ಗೂಡು ಸಮೇತ, ಜನ ಇಳಿದ ಮೇಲೆ ಎಷ್ಟು ತೂಗುತ್ತದೆ ಅಂತ ಇನ್ನೂ ಯಾರೂ ನೋಡಿಲ್ಲ. ಆ ಕೆಲಸ ಮೊದಲು ಆಗಬೇಕು.

ಶೋರೂಮುಗಳ ರಿಜಿಸ್ಟ್ರೇಷನ್ ಟೇಬಲ್ ಹಿಂದೆ ಕೂತು ಇಪ್ಪತ್ತು ವರ್ಷದ ಮೇಲಾಯಿತು. ಗೂಡ್ಸ್ ಗಾಡಿ ತಂದವರಲ್ಲಿ ಅರ್ಧ ಜನಕ್ಕೆ ಈ ಗೊಂದಲ ಇದ್ದೇ ಇರುತ್ತದೆ. ಎಲ್ಲವನ್ನೂ ‘ತೂಕ’ ಅಂತ ಒಂದೇ ಹೆಸರಲ್ಲಿ ಕರೆಯುತ್ತೇವಲ್ಲ, ಅಲ್ಲೇ ಎಡವಟ್ಟು. ಗಾಡಿಗೆ ಮೂರು ಲೆಕ್ಕ ಇದೆ, ಮೂರೂ ಬರುವ ದಾರಿ ಬೇರೆ. ಜಿವಿಡಬ್ಲ್ಯು ಅಂದರೆ ಗಾಡಿ ಮತ್ತು ಲೋಡು ಸೇರಿ ಇಷ್ಟರ ಮೇಲೆ ಹೋಗಬಾರದು ಅನ್ನುವ ಮಿತಿ. ಹಳೇ ಆರ್‌ಸಿ ಪುಸ್ತಕಗಳಲ್ಲಿ ಇದನ್ನೇ ಆರ್‌ಎಲ್‌ಡಬ್ಲ್ಯು ಅಂತ ಬರೆದಿರುತ್ತಾರೆ. ಇದು ಕಾಗದದಿಂದ ಬರುತ್ತದೆ. ಯಾವ ವೇಬ್ರಿಡ್ಜೂ ಇದನ್ನು ಹೇಳುವುದಿಲ್ಲ. ಖಾಲಿ ತೂಕ, ಅಂದರೆ ಯುಎಲ್‌ಡಬ್ಲ್ಯು, ತಕ್ಕಡಿಯಿಂದ ಬರುತ್ತದೆ. ಬಾಡಿ ಕಟ್ಟಿಸಿದ ಗಾಡಿಗೆ ಬೇರೆ ದಾರಿಯೇ ಇಲ್ಲ. ಇನ್ನು ಲೋಡು, ನೀವು ಪಾಂಪ್ಲೆಟ್‌ನಲ್ಲಿ ನೋಡಿ ಖುಷಿಪಟ್ಟ ಆ 1,300, ಬರೀ ಕಳೆಯುವ ಲೆಕ್ಕ. ಜಿವಿಡಬ್ಲ್ಯುನಲ್ಲಿ ಖಾಲಿ ತೂಕ ಕಳೆದರೆ ಉಳಿದದ್ದು. ಫಾರಂ 20, ಅಂದರೆ ನೀವು ತುಂಬಬೇಕಾದ ರಿಜಿಸ್ಟ್ರೇಷನ್ ಅರ್ಜಿ, ಅದರಲ್ಲಿ ‘ಲೋಡು ಎಷ್ಟು’ ಅಂತ ಕೇಳುವ ಕಾಲಂ ಹುಡುಕಿ ನೋಡಿ, ಸಿಗುವುದಿಲ್ಲ.

ಮೊದಲು ಜಿವಿಡಬ್ಲ್ಯು ಕಥೆ ಮುಗಿಸೋಣ, ಅದು ಸುಲಭ. ನಿಮ್ಮ ಫೈಲಿನಲ್ಲಿ ಫಾರಂ 21 ಇದೆ, ಅದೇ ಸೇಲ್ ಸರ್ಟಿಫಿಕೇಟ್. ಚಾಸಿ ನಂಬರ್, ಇಂಜಿನ್ ನಂಬರ್ ಕೆಳಗೆ ಖಾಲಿ ತೂಕ, ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನ ಆಕ್ಸಲ್‌ಗೆ ಎಷ್ಟು, ಟಯರ್ ಸೈಜು, ಜಿವಿಡಬ್ಲ್ಯು ಎಲ್ಲ ಇರುತ್ತದೆ. ಅದರ ಜೊತೆ ಕಂಪನಿ ಕೊಡುವ ಸರ್ಟಿಫಿಕೇಟ್ ಒಂದಿದೆ. ಪೂರ್ತಿ ಕಟ್ಟಿದ ಗಾಡಿಗೆ ಅದು ಫಾರಂ 22. ನಿಮ್ಮಂತೆ ಬಾಡಿ ಬೇರೆ ಕಡೆ ಕಟ್ಟಿಸಿದವರಿಗೆ ಫಾರಂ 22ಎ. ಇದರಲ್ಲಿ ಎರಡು ಭಾಗ. ಮೊದಲನೆಯದನ್ನು ಕಂಪನಿ ತುಂಬಿರುತ್ತದೆ, ಎರಡನೆಯದನ್ನು ಬಾಡಿ ಕಟ್ಟಿದವರು ತುಂಬಿ ಸಹಿ ಹಾಕಬೇಕು. ಎಷ್ಟೋ ಜನ ಬಾಡಿ ಶೆಡ್ಡಿನಿಂದ ಗಾಡಿ ತಂದು, ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಆಮೇಲೆ ಈ ಎರಡನೇ ಭಾಗ ನೆನಪಾಗಿ ವಾಪಸ್ ಓಡುತ್ತಾರೆ. ನಿಮ್ಮದು ತುಂಬಿದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಫಾರಂ 20ರಲ್ಲಿ ಜಿವಿಡಬ್ಲ್ಯುಗೆ ಎರಡು ಜಾಗ ಇದೆ: ಕಂಪನಿ ಸರ್ಟಿಫೈ ಮಾಡಿದ್ದು ಎಷ್ಟು, ರಿಜಿಸ್ಟರ್ ಆಗಬೇಕಾದ್ದು ಎಷ್ಟು. ಎರಡೂ ಕಡೆ 2,950 ಬರೆಯಿರಿ. ಬಾಡಿ ಭಾರ ಆಯಿತು ಅಂತ ಈ ಅಂಕಿ ಮೇಲಕ್ಕೆ ಹೋಗುವುದಿಲ್ಲ. ಹಿಂದಿನ ಸ್ಪ್ರಿಂಗಿಗೆ ಎರಡು ಲೀಫ್ ಪ್ಲೇಟ್ ಜಾಸ್ತಿ ಹಾಕಿಸಿದರೂ, ದಪ್ಪ ಟಯರ್ ಹಾಕಿಸಿದರೂ ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 58ನೇ ಕಲಂ ಇದನ್ನು ಬಿಗಿಯಾಗಿ ಕಟ್ಟಿಟ್ಟಿದೆ. ಆ ಮಾಡೆಲ್‌ಗೆ, ಆ ಟಯರ್‌ಗೆ ಸರ್ಕಾರ ಗೊತ್ತುಪಡಿಸಿದ ತೂಕ ಬಿಟ್ಟು ಬೇರೆಯದನ್ನು ಆರ್‌ಸಿಯಲ್ಲಿ ಬರೆಯುವ ಹಾಗಿಲ್ಲ. ‘ಪ್ಲೇಟ್ ಹಾಕ್ಸಿದೀನಿ, ಎರಡು ಟನ್ ಎಳೆಯುತ್ತೆ’ ಅಂತ ಗ್ಯಾರೇಜಿನಲ್ಲಿ ಹೇಳುವ ಮಾತು ಗಾಡಿಯ ಶಕ್ತಿ ಬಗ್ಗೆ ನಿಜ ಇರಬಹುದು. ಆರ್‌ಸಿಗೆ ಅದು ಗೊತ್ತೇ ಆಗುವುದಿಲ್ಲ. ಬ್ರೇಕಿಗೂ ಗೊತ್ತಾಗುವುದಿಲ್ಲ ಅನ್ನಿ.

ಈಗ ಖಾಲಿ ತೂಕ. ಇಲ್ಲೇ ಸ್ವಲ್ಪ ನಿಧಾನವಾಗಿ ಹೋಗೋಣ, ನಿಮ್ಮ ತೊಡಕೆಲ್ಲ ಇಲ್ಲೇ ಇರುವುದು.

ಕಾಯ್ದೆಯ 2ನೇ ಕಲಂನಲ್ಲಿ ಖಾಲಿ ತೂಕ ಅಂದರೆ ಏನು ಅಂತ ಹೇಳಿದೆ. ಗಾಡಿ ಕೆಲಸ ಮಾಡುವಾಗ ಅದರ ಜೊತೆ ಸಾಮಾನ್ಯವಾಗಿ ಇರುವ ಸಾಮಾನು ಸೇರಿಸಿ, ಡ್ರೈವರ್ ಮತ್ತು ಕ್ಲೀನರ್‌ನ ಬಿಟ್ಟು ಬರುವ ತೂಕ. ಅಂದರೆ ಸ್ಟೆಪ್ನಿ, ಜಾಕಿ, ಪಾನಾ ಎಲ್ಲ ಒಳಗೇ ಇರಬೇಕು. ಜನ ಇಳಿಯಬೇಕು. ಇದೇ ವಾಕ್ಯದ ಬಾಲದಲ್ಲಿ ಇನ್ನೊಂದು ಮಾತಿದೆ, ಅದನ್ನು ಬಹಳ ಜನ ಓದಿರುವುದಿಲ್ಲ. ಗಾಡಿಗೆ ಬದಲಾಯಿಸಿ ಹಾಕುವ ಬಾಡಿಯೋ ಭಾಗವೋ ಇದ್ದರೆ, ಅವುಗಳಲ್ಲಿ ಯಾವುದು ಹೆಚ್ಚು ಭಾರವೋ ಅದನ್ನು ಹಾಕಿಯೇ ತೂಗಬೇಕು. ನಿಮ್ಮ ಕುರಿ ಗೂಡು ಇಲ್ಲಿಗೇ ಬರುತ್ತದೆ. ಬನ್ನೂರು ಕುರಿ ಏರಿಸುವ ದಿನ ಮಾತ್ರ ಅದು ಗಾಡಿ ಮೇಲಿರುತ್ತದೆ, ಉಳಿದ ದಿನ ಕೊಟ್ಟಿಗೆ ಗೋಡೆಗೆ ಒರಗಿರುತ್ತದೆ, ನಿಜ. ಆದರೂ ಖಾಲಿ ತೂಕಕ್ಕೆ ಅದನ್ನು ಸೇರಿಸಿಕೊಂಡೇ ಹೋಗಿ. ಆರ್‌ಟಿಒ ಇನ್‌ಸ್ಪೆಕ್ಷನ್ ದಿನವೂ ಗೂಡು ಗಾಡಿ ಮೇಲೆಯೇ ಇರಲಿ. ಆಮೇಲೆ ದಾರಿಯಲ್ಲಿ ಯಾರಾದರೂ ‘ಇದು ಆರ್‌ಸಿಯಲ್ಲಿ ಇಲ್ಲವಲ್ಲ’ ಅಂದರೆ ಉತ್ತರ ಕೊಡುವ ತಾಪತ್ರಯ ಇರುವುದಿಲ್ಲ.

ನಿಮ್ಮ 1,960ರಲ್ಲಿ ಎರಡು ಆಳು ಇದ್ದರು. 130 ಕೆಜಿ ಅಂತ ಇಟ್ಟುಕೊಳ್ಳೋಣ. ಉಳಿದದ್ದು 1,830. ಗೂಡು ಎಷ್ಟಿದೆಯೋ ನೀವು ಬರೆದಿಲ್ಲ. ಒಂದಿಂಚಿನ ಪೈಪು, ಕೆಳಗೆ ಆಂಗಲ್ ಅಂದರೆ 90 ಕೆಜಿ ಅಂತ ಅಂದಾಜು ಹಿಡಿಯೋಣ. ಅಲ್ಲಿಗೆ 1,920 ಆಸುಪಾಸು. ಆದರೆ ಈ ಅಂದಾಜನ್ನು ಫಾರಂಗೆ ಬರೆಯಬೇಡಿ. ನಾಳೆ ಇನ್ನೊಮ್ಮೆ ತೂಗಿಸಿ.

ಎಲ್ಲಿ ತೂಗಿಸುವುದು ಅನ್ನುವುದೂ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಕಬ್ಬಿನ ದೆಸೆಯಿಂದ ವೇಬ್ರಿಡ್ಜ್‌ಗೆ ಬರವಿಲ್ಲ. ಆದರೆ ಕಬ್ಬಿನ ಲಾರಿ, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ತೂಗುವ ದೊಡ್ಡ ತಕ್ಕಡಿಗೆ ನಮ್ಮ ಪಿಕಪ್ ಒಂದು ಇರುವೆ. ಕೆಲವು 5 ಕೆಜಿ ಲೆಕ್ಕದಲ್ಲಿ ತೋರಿಸುತ್ತವೆ, ಕೆಲವು 10, ಕೆಲವು 20. ನಲವತ್ತು ಟನ್ನಿಗೆ 20 ಕೆಜಿ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ನಿಮ್ಮ ಎರಡು ಟನ್ನಿಗೆ ಅದು ಕಾಣಿಸುತ್ತದೆ. ಹಾಗಾಗಿ ಸಣ್ಣ ಲೆಕ್ಕದಲ್ಲಿ ತೋರಿಸುವ ತಕ್ಕಡಿ ಹುಡುಕಿ. ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದ ಸರ್ಟಿಫಿಕೇಟನ್ನು ಕೌಂಟರಿನ ಗೋಡೆಗೆ ಹಾಕಿರುತ್ತಾರೆ, ತಾರೀಕು ದಾಟಿಲ್ಲವಾ ಅಂತ ಕಣ್ಣಾಡಿಸಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ವೇಬ್ರಿಡ್ಜಿನಲ್ಲಿ ತೂಗಿಸಲೇಬೇಡಿ.

ಹೋಗುವ ಮುಂಚೆ ಗಾಡಿ ತೊಳೆಸಿ. ಸುಮ್ನೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಇಳಿದು ಬಂದ ಗಾಡಿಯ ಮಡ್‌ಗಾರ್ಡ್ ಒಳಗೆ, ಚಾಸಿ ಮೇಲೆ ಮೆತ್ತಿದ ಎರೆಮಣ್ಣು ಹತ್ತಿಪ್ಪತ್ತು ಕೆಜಿ ಸಲೀಸಾಗಿ ಇರುತ್ತದೆ. ಡೆಕ್ ಮೇಲೆ ಎಳನೀರು ಬುರುಡೆ, ಹಗ್ಗ, ಕ್ರೇಟು, ಸೀಟಿನ ಹಿಂದೆ ಸಿಮೆಂಟ್ ಚೀಲ ಏನಾದರೂ ಉಳಿದಿದೆಯಾ ನೋಡಿ. ಡೀಸೆಲ್ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಂದು ಲೀಟರ್ ಡೀಸೆಲ್ 830 ಗ್ರಾಂ ಸುತ್ತಮುತ್ತ ತೂಗುತ್ತದೆ. 60 ಲೀಟರ್ ಟ್ಯಾಂಕ್ ತುಂಬಿದ್ದರೂ 50 ಕೆಜಿ. ನಾನು ಹೇಳುವುದು ತುಂಬಿಸಿಕೊಂಡೇ ಹೋಗಿ ಅಂತ. ಖಾಲಿ ಟ್ಯಾಂಕಲ್ಲಿ ತೂಗಿಸಿ ಕಾಗದದಲ್ಲಿ 50 ಕೆಜಿ ಉಳಿಸಿದರೆ, ಲೋಡು ಹೊತ್ತು ಹೋಗುವ ದಿನ ಆ 50 ಕೆಜಿ ಟ್ಯಾಂಕಿನಲ್ಲಿ ಕೂತೇ ಇರುತ್ತದೆ.

ತಕ್ಕಡಿ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಇರಲಿ. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಗಾಡಿ ಜಾರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಇಳಿದು ಆಚೆ ಬನ್ನಿ. ಮಗನೂ ಇಳಿಯಲಿ. ಅಂಕಿ ಕುಣಿಯುವುದು ನಿಂತ ಮೇಲೆ ಚೀಟಿ ತೆಗೆಸಿ. ಒಮ್ಮೆ ಇಳಿಸಿ, ಗಾಡಿ ತಿರುಗಿಸಿಕೊಂಡು, ಎದುರು ಕಡೆಯಿಂದ ಹತ್ತಿಸಿ ಇನ್ನೊಂದು ಸಲ ತೂಗಿಸಿ. ಎರಡೂ ಒಂದೇ ಬಂದರೆ ತಕ್ಕಡಿ ಚೆನ್ನಾಗಿದೆ. ಹತ್ತಿಪ್ಪತ್ತು ಕೆಜಿ ವ್ಯತ್ಯಾಸ ಬಂದರೆ ಬೇರೆ ಕಡೆ ಹೋಗಿ. ಹಾಗೇ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ ತಗೊಳ್ಳಿ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಹಿಂದಿನ ಆಕ್ಸಲ್ ಮೇಲೆ ಈಗಲೇ ಎಷ್ಟು ಕೂತಿದೆ ಅಂತ ಸಿಗುತ್ತದೆ. ಫಾರಂಗೆ ಅದು ಬೇಡ, ನಿಮಗೆ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಚೀಟಿಯಲ್ಲಿ ಗಾಡಿಯ ಗುರುತು ಇರಬೇಕು. ತಾತ್ಕಾಲಿಕ ನಂಬರ್ ಇದ್ದರೆ ಅದು, ಜೊತೆಗೆ ಚಾಸಿ ನಂಬರಿನ ಕೊನೇ ಐದಾರು ಅಂಕಿ ಬರೆಸಿ. ‘ಹೊಸ ಗಾಡಿ’ ಅಂತ ಮಾತ್ರ ಟೈಪ್ ಮಾಡಿದ ಚೀಟಿ ತಂದರೆ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಅದಕ್ಕೆ ಬೆಲೆ ಇಲ್ಲ.

ಏಜೆಂಟ್ ಮಾತಿಗೆ ಬರುತ್ತೇನೆ. ‘ಯಾರು ನೋಡ್ತಾರೆ’ ಅನ್ನುವುದನ್ನು ಒಮ್ಮೆ ನಾನೂ ನಂಬಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಪಾಂಡವಪುರ ಕಡೆಯ ಹಾಲಿನ ವ್ಯಾನಿನವರೊಬ್ಬರದು, ಬಾಡಿ ಕಟ್ಟಿಸಿದ ಗಾಡಿ. ಪಾಂಪ್ಲೆಟ್ ನೋಡಿ ಖಾಲಿ ತೂಕ ತುಂಬಿಬಿಟ್ಟೆ. ಆರ್‌ಟಿಒದಲ್ಲಿ ಗಾಡಿ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿಯನ್ನು ಒಂದು ಸುತ್ತು ಹಾಕಿ, ಡೆಕ್ಕನ್ನು ಬೂಟಿನಿಂದ ಎರಡು ಸಲ ತಟ್ಟಿ, ‘ಈ ತಗಡಿಗೆ ಈ ತೂಕ ಬರಲ್ಲ, ತೂಗಿಸಿಕೊಂಡು ಬನ್ನಿ’ ಅಂದರು. ತೂಗಿಸಿದರೆ 240 ಕೆಜಿ ಜಾಸ್ತಿ. ಫಾರಂ ಮತ್ತೆ ತುಂಬಿ, ಮತ್ತೆ ಸಾಲಿನಲ್ಲಿ ನಿಂತು, ಅವರಿಗೆ ಎರಡು ದಿನ ಹಾಳು. ಹಾಲಿನವರಿಗೆ ಎರಡು ದಿನ ಅಂದರೆ ಏನು ಅಂತ ಗೊತ್ತಲ್ಲ. ಅವರು ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ ಹೋಟೆಲಲ್ಲಿ ಊಟದ ಬಿಲ್ಲನ್ನು ನನ್ನ ಕಡೆ ತಳ್ಳಿ ಎದ್ದು ಕೈ ತೊಳೆಯಲು ಹೋದರು, ಅಷ್ಟೆ.

ಯಾರೂ ನೋಡದೆ 1,650 ಆರ್‌ಸಿಯಲ್ಲಿ ಕೂತುಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಆರ್‌ಸಿ ನೋಡಿ ನೀವು 1,300 ಕೆಜಿ ಲೋಡು ಮಾಡುತ್ತೀರಿ. ದಾರಿಯಲ್ಲಿ ತೂಗಿದಾಗ ಆರ್‌ಸಿಯ ಖಾಲಿ ತೂಕವನ್ನು ಯಾರೂ ಕೇಳುವುದಿಲ್ಲ. ಒಟ್ಟು ಎಷ್ಟು ಬಂತು, 2,950 ದಾಟಿತಾ, ಅಷ್ಟೇ ಲೆಕ್ಕ. ನಿಮ್ಮ ನಿಜವಾದ 1,830, ಅಪ್ಪ ಮಗ 130, ಅದರ ಮೇಲೆ 1,300 ಅಂದರೆ 3,260. ಮಿತಿಗಿಂತ 310 ಕೆಜಿ ಮೇಲೆ. ಕಾಯ್ದೆಯ 194ನೇ ಕಲಂ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000, ಮೇಲೆ ಹೆಚ್ಚಾದ ಲೋಡು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ. ತೂಗಿಸಲು ಒಪ್ಪದೆ ಹೊರಟರೆ 40,000. ಹತ್ತಿರ ವೇಬ್ರಿಡ್ಜ್ ಇಲ್ಲ ಅನ್ನುವ ಹಾಗೂ ಇಲ್ಲ. ಮುಂದೆ ಹೋಗುವ ದಾರಿಯಿಂದ 10 ಕಿಲೋಮೀಟರ್ ಒಳಗೆ, ಅಥವಾ ನೀವು ತಲುಪುವ ಊರಿನಿಂದ 20 ಕಿಲೋಮೀಟರ್ ಒಳಗೆ ತಕ್ಕಡಿ ಇದ್ದರೆ ಅಲ್ಲಿಗೆ ಕರೆದೊಯ್ದು ತೂಗಿಸುವ ಅಧಿಕಾರ 114ನೇ ಕಲಂನಲ್ಲಿದೆ. ಮಂಡ್ಯ ಜಿಲ್ಲೆಯಲ್ಲಿ 10 ಕಿಲೋಮೀಟರಿಗೆ ಎಷ್ಟು ತಕ್ಕಡಿ ಸಿಗುತ್ತವೆ ಅಂತ ನಿಮಗೇ ಗೊತ್ತು.

ಹಾಗಾದರೆ ನಿಮ್ಮ ಗಾಡಿಗೆ ನಿಜವಾಗಿ ಎಷ್ಟು ಏರಿಸಬಹುದು? ಗೂಡು ಇಲ್ಲದ ಎಳನೀರಿನ ದಿನ, 2,950ರಲ್ಲಿ 1,830 ಕಳೆಯಿರಿ, ಇಬ್ಬರು ಆಳು 130 ಕಳೆಯಿರಿ. ಉಳಿದದ್ದು 990 ಕೆಜಿ. ಎಳನೀರು ಒಂದೂವರೆಯಿಂದ ಎರಡೂವರೆ ಕೆಜಿ ತೂಗುತ್ತದೆ, ಸರಾಸರಿ ಎರಡು ಅಂದುಕೊಂಡರೆ ಐನೂರು ಕಾಯಿಗೆ ಸ್ವಲ್ಪ ಕಮ್ಮಿ. ಗೂಡು ಕೂರಿಸಿದ ದಿನ 900 ಕೆಜಿ. ಪಾಂಪ್ಲೆಟ್‌ನ 1,300 ಎಲ್ಲಿ, ಈ 900 ಎಲ್ಲಿ! ಯಾರೂ ಮೋಸ ಮಾಡಿಲ್ಲ. ಆ ವ್ಯತ್ಯಾಸವನ್ನೆಲ್ಲ ನಿಮ್ಮ ಬಾಡಿ, ನಿಮ್ಮ ಗೂಡು, ನೀವಿಬ್ಬರೂ ಸೇರಿ ತಿಂದಿದ್ದೀರಿ.

ಬಾಡಿ ಎಷ್ಟು ತಿಂದಿದೆ ನೋಡಿ. 1,830ರಲ್ಲಿ ಚಾಸಿಯ 1,380 ಕಳೆದರೆ 450 ಕೆಜಿ. ಇದು ಜಾಸ್ತಿ. ಡೆಕ್ಕಿಗೆ ಎಷ್ಟು ದಪ್ಪದ ಚೆಕರ್ಡ್ ಪ್ಲೇಟ್ ಹಾಕಿದ್ದಾರೆ ಅಂತ ಕೇಳಿದ್ದೀರಾ? ಕಬ್ಬಿಣದ ಲೆಕ್ಕ ಸರಳ. ಒಂದು ಚದರ ಮೀಟರ್ ತಗಡು, ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಡೆಕ್ ಅಂದರೆ 4.6 ಚದರ ಮೀಟರ್. ಅದಕ್ಕೆ 3 ಮಿಲಿಮೀಟರ್ ಪ್ಲೇಟ್ ಸಾಕಿತ್ತು, 108 ಕೆಜಿ ಆಗುತ್ತಿತ್ತು. 5 ಮಿಲಿಮೀಟರ್ ಹಾಕಿದ್ದರೆ 180. ಬರೀ ನೆಲದಲ್ಲೇ 72 ಕೆಜಿ ವ್ಯತ್ಯಾಸ, ಸೈಡು, ಕ್ರಾಸ್‌ಬಾರು, ಹಿಂದಿನ ಡೋರು ಬೇರೆ. ‘ಗಟ್ಟಿ ಇರ್ಲಿ, ಇಪ್ಪತ್ತು ವರ್ಷ ಬರ್ಲಿ’ ಅಂತ ನಾವೇ ಹೇಳುತ್ತೇವೆ, ಅವರು ಗಟ್ಟಿಯಾಗಿಯೇ ಹಾಕುತ್ತಾರೆ. ಎಳನೀರು, ತರಕಾರಿ ಹೊರುವ ಗಾಡಿಗೆ ಕಲ್ಲು ಹೊರುವ ಗಾಡಿಯ ಡೆಕ್ ಬೇಕಿಲ್ಲ. ಈಗಾಗಲೇ ಕಟ್ಟಿಸಿ ಆಗಿದೆ, ಕಿತ್ತು ಹಾಕಿ ಅನ್ನುವುದಿಲ್ಲ. ಮುಂದೆ ಕಟ್ಟಿಸುವವರು ಬಾಡಿ ಶೆಡ್ಡಿಗೆ ಹೋದಾಗ ಬಣ್ಣಕ್ಕಿಂತ ಮೊದಲು ದಪ್ಪ ಮಾತಾಡಲಿ. ಆಮೇಲೆ ಏನಾದರೂ ಬದಲಾಯಿಸಿ ಆರ್‌ಸಿಯ ವಿವರಕ್ಕೆ ಹೊಂದದಂತೆ ಆದರೆ 52ನೇ ಕಲಂ ಅಡ್ಡ ಬರುತ್ತದೆ. ರಿಜಿಸ್ಟ್ರೇಷನ್ ಆದ ಮೇಲೆ ಕುಸುರಿ ಕೆಲಸ ಬೇಡ.

ಹಿಂದಿನ ಆಕ್ಸಲ್ ತೂಕ ಬೇರೆ ತೆಗೆಸಿ ಅಂದೆನಲ್ಲ. ನಿಮ್ಮ ಫಾರಂ 21ರಲ್ಲಿ ಆಕ್ಸಲ್‌ಗೆ ಇಷ್ಟು ಅಂತ ಮಿತಿ ಬರೆದಿದೆ. ಎರಡೂ ಆಕ್ಸಲ್ ಮಿತಿ ಕೂಡಿದರೆ 2,950ಕ್ಕಿಂತ ಜಾಸ್ತಿ ಬರಬಹುದು. ಆಗ ‘ಸಾರ್, ಕೂಡಿದರೆ ಮೂರು ಸಾವಿರದ ಇನ್ನೂರು ಬರ್ತಿದೆ, ಅದೇ ಹಾಕೋಣ್ವಾ’ ಅಂತ ಕೇಳಿದವರಿದ್ದಾರೆ. ಬೇಡ. ಆಕ್ಸಲ್ ಮಿತಿ ಎರಡಕ್ಕೂ ಪ್ರತ್ಯೇಕ, ಒಟ್ಟು ಮಿತಿ ಬೇರೆ. ಮೂರರಲ್ಲಿ ಒಂದೂ ದಾಟಬಾರದು. ಬಾಡಿಯನ್ನು ಹಿಂದಕ್ಕೆ ಉದ್ದ ಮಾಡಿಸಿದ್ದರೆ, ಲೋಡು ಹಿಂಬದಿಗೆ ಕೂತು, ಒಟ್ಟು ತೂಕ ಮಿತಿಯಲ್ಲಿದ್ದರೂ ಹಿಂದಿನ ಆಕ್ಸಲ್ ಮಿತಿ ದಾಟುತ್ತದೆ. ಮೂತಿ ಮೇಲೆದ್ದು ಸ್ಟೇರಿಂಗ್ ಹಗುರ ಆಗುತ್ತದೆ. ಹಿಂದಿನ ಆಕ್ಸಲ್‌ನಿಂದಾಚೆ ಬಾಡಿ ಎಷ್ಟು ಚಾಚಬಹುದು ಅನ್ನುವುದಕ್ಕೂ ಮಿತಿ ಇದೆ, ವೀಲ್‌ಬೇಸಿನ, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದದ, ನೂರಕ್ಕೆ 60. ಟೇಪ್ ಹಿಡಿದು ಅಳೆದುಬಿಡಿ, ಐದು ನಿಮಿಷದ ಕೆಲಸ.

ನಿಮ್ಮ 2,950ಕ್ಕೆ ಒಂದು ಅನುಕೂಲ ಇದೆ. ಜಿವಿಡಬ್ಲ್ಯು 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ 66ನೇ ಕಲಂ ಪ್ರಕಾರ ಪರ್ಮಿಟ್ ಬೇಕಿಲ್ಲ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು, ಇನ್ಶೂರೆನ್ಸ್ ಬೇಕು, ಟ್ಯಾಕ್ಸ್ ಬೇಕು, ಪರ್ಮಿಟ್ ಬೇಡ. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು ಎಫ್‌ಸಿ, ಆಮೇಲೆ ಪ್ರತಿ ವರ್ಷ. ಡ್ರೈವಿಂಗ್ ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದರೆ 7,500 ಕೆಜಿಯೊಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಮಗ ಓಡಿಸುವುದಾದರೆ ಅವನ ಲೈಸೆನ್ಸ್ ತಾರೀಕು ಮಾತ್ರ ನೋಡಿಕೊಳ್ಳಿ.

ಈಗ ಭಾವನವರ ಹಳೇ ಗಾಡಿ.

ಮೊದಲು ಮೊಬೈಲ್. ಗಾಡಿ ಭಾವನವರ ಹೆಸರಿನಲ್ಲೇ ಇದ್ದರೆ ಡಿಜಿಲಾಕರ್‌ನಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ ತೆರೆಸಿ. ಖಾಲಿ ತೂಕ, ಒಟ್ಟು ತೂಕ ಅಲ್ಲೇ ಸಿಗುತ್ತದೆ. ಸಿಕ್ಕರೂ ಕಣ್ಣುಮುಚ್ಚಿ ನಂಬಬೇಡಿ. ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಒಂದು ಸೊನ್ನೆ ಬಿಟ್ಟುಹೋದದ್ದು, ಎರಡೂ ಜಾಗದಲ್ಲಿ ಒಂದೇ ಅಂಕಿ ಕೂತದ್ದು ನಾನು ನೋಡಿದ್ದೇನೆ. ಖಾಲಿ ತೂಕವೂ 2,600, ಒಟ್ಟು ತೂಕವೂ 2,600 ಅಂದರೆ ಆ ಗಾಡಿಗೆ ಒಂದು ನಿಂಬೆಹಣ್ಣೂ ಏರಿಸುವ ಹಾಗಿಲ್ಲ, ಅಲ್ವಾ?

ಆಮೇಲೆ ಮನೆಯ ಬೀರು. ಹಳೇ ಇನ್ಶೂರೆನ್ಸ್ ಪಾಲಿಸಿ ತೆಗೆಯಿರಿ. ಗೂಡ್ಸ್ ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ ಜಿವಿಡಬ್ಲ್ಯು ಮೇಲೆ ನಿಲ್ಲುವುದರಿಂದ ಆ ಅಂಕಿ ಪಾಲಿಸಿಯಲ್ಲಿ ಅಚ್ಚಾಗಿರುತ್ತದೆ. ಲೋನ್ ತಗೊಂಡಿದ್ದರೆ ಆ ಫೈಲಿನಲ್ಲಿ ಸೇಲ್ ಸರ್ಟಿಫಿಕೇಟಿನ ಜೆರಾಕ್ಸ್ ಇದ್ದರೂ ಇರಬಹುದು.

ಕೊನೆಗೆ ಗಾಡಿಯನ್ನೇ ಕೇಳಿ. ಬಾನೆಟ್ ಎತ್ತಿದರೆ ಒಳಗೆ, ಇಲ್ಲವೇ ಬಾಗಿಲು ತೆಗೆದರೆ ಕಂಬದ ಮೇಲೆ, ಇಲ್ಲವೇ ಸೀಟಿನ ಕೆಳಗೆ ಅಂಗೈ ಅಗಲದ ಒಂದು ತಗಡಿನ ಪ್ಲೇಟು ಇರುತ್ತದೆ. ಗ್ರೀಸ್ ಮತ್ತು ಧೂಳು ಸೇರಿ ಕಪ್ಪಗೆ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಪ್ಪು ಕಾಗದ ತಾಗಿಸಬೇಡಿ, ಅಕ್ಷರವೇ ಹೋಗುತ್ತದೆ. ಒರೆಸಿದ ಮೇಲೆ ಸೀಮೆಸುಣ್ಣ ಉಜ್ಜಿ, ಬೆರಳಿಂದ ತಟ್ಟಿದರೆ ಕೊರೆದ ಅಂಕಿಗಳಲ್ಲಿ ಬಿಳಿ ಉಳಿದು ಎದ್ದು ಕಾಣುತ್ತದೆ. 17 ಅಕ್ಷರದ ಉದ್ದನೆಯದು ಚಾಸಿ ನಂಬರ್. ಅದನ್ನು ಚಾಸಿ ಮೇಲೆ ಕೊರೆದ ನಂಬರಿಗೆ ಹೋಲಿಸಿ ನೋಡಿ. ಕೆಜಿ ಅಂತ ಇರುವ ಅಂಕಿಗಳಲ್ಲಿ ದೊಡ್ಡದನ್ನು ಕಂಡು ಜಿವಿಡಬ್ಲ್ಯು ಇದೇ ಅಂತ ಹಾರಬೇಡಿ. ಟ್ರೇಲರ್ ಎಳೆಯುವ ಮಾಡೆಲ್‌ಗೆ ಗಾಡಿ ಮತ್ತು ಟ್ರೇಲರ್ ಸೇರಿದ ತೂಕವೂ ಇರಬಹುದು, ಅದು ಇನ್ನೂ ದೊಡ್ಡದು. 1, 2 ಅಂತ ಗುರುತು ಇರುವವು ಮುಂದಿನ, ಹಿಂದಿನ ಆಕ್ಸಲ್‌ನವು.

ಗಾಡಿ ಹೆಸರಿನಲ್ಲಿರುವ 1.3, 1.7 ಅನ್ನುವ ಅಂಕಿ ನೋಡಿ ತೂಕ ಬರೆದುಕೊಂಡು ಬರುವವರೂ ಇದ್ದಾರೆ. ಬೊಲೆರೊ ಪಿಕಪ್‌ನ ಹೆಸರಿನ ಮುಂದೆ 1.7 ಅಂದರೆ ಕಂಪನಿ ಹೇಳುವ ಲೋಡು 1.7 ಟನ್. ಅದು ಜಿವಿಡಬ್ಲ್ಯುವೂ ಅಲ್ಲ, ಖಾಲಿ ತೂಕವೂ ಅಲ್ಲ. ಅಮೆರಿಕದಲ್ಲಿ ಪಿಕಪ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್ ಅಂತ ಕರೆಯುತ್ತಾರೆ, ಅದು ಹಳೇ ಕಾಲದ ಹೆಸರು ಉಳಿದುಕೊಂಡದ್ದು. ಈಗಿನ ಗಾಡಿಗಳು ಹೊರುವ ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಹಾಕಿ ಒಟ್ಟು ತೂಕವನ್ನು ಪೌಂಡಿನಲ್ಲೂ ಬರೆದಿರುತ್ತಾರೆ. ಯೂಟ್ಯೂಬ್ ನೋಡಿ ಅದೇ ಸ್ಟಿಕ್ಕರನ್ನು ನಮ್ಮ ಗಾಡಿಯ ಬಾಗಿಲಲ್ಲಿ ಅರ್ಧ ದಿನ ಹುಡುಕಿದವರು ನನಗೆ ಗೊತ್ತು.

ತೂಕ ಸಿಕ್ಕ ಮಾತ್ರಕ್ಕೆ ಅಳಿಸಿದ ಆರ್‌ಸಿ ಇಟ್ಟುಕೊಂಡು ಮಾರಬೇಡಿ ಅಂತ ಭಾವನವರಿಗೆ ಹೇಳಿ. ಮೊದಲು ಫಾರಂ 26 ಹಾಕಿ ಡೂಪ್ಲಿಕೇಟ್ ಆರ್‌ಸಿ ತೆಗೆಸಲಿ, ಹಳೇ ಕಾರ್ಡನ್ನು ಜೊತೆಗೇ ಒಪ್ಪಿಸಬೇಕು. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಉಳಿದಿದ್ದರೆ ಫಾರಂ 35ರಲ್ಲಿ ಅವರ ಸಹಿ ತರಿಸಿ ತೆಗೆಸಲಿ. ಆಮೇಲೆ ಮಾರಾಟಕ್ಕೆ ಫಾರಂ 29, 30. ಕಂಪ್ಯೂಟರಿನ ತೂಕವೂ ಪ್ಲೇಟಿನ ತೂಕವೂ ಬೇರೆ ಇದ್ದರೆ ಡೂಪ್ಲಿಕೇಟ್ ಬರುವ ಮುಂಚೆಯೇ ಪ್ಲೇಟಿನ ಫೋಟೋ, ಹಳೇ ಪಾಲಿಸಿ ಇಟ್ಟು ತಿದ್ದುಪಡಿಗೆ ಅರ್ಜಿ ಕೊಡಲಿ. ಕೊಂಡವರು ಆರು ತಿಂಗಳ ಮೇಲೆ ಎಫ್‌ಸಿಗೆ ಹೋದಾಗ ತಪ್ಪು ಸಿಕ್ಕರೆ, ಫೋನ್ ಬರುವುದು ಭಾವನವರಿಗೇ.

ನೀವು ಮಾತ್ರ ನಾಳೆ ತೂಗಿಸಿದ ಚೀಟಿಯನ್ನು ಅಲ್ಲೇ ನಿಂತು ಮೊಬೈಲಲ್ಲಿ ಫೋಟೋ ತೆಗೆದುಕೊಂಡು, ಒಂದು ಜೆರಾಕ್ಸ್ ಮಾಡಿಸಿಡಿ. ಹೊಳೆಯುವ ಕಾಗದದ ಚೀಟಿ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿದ್ದರೆ ವಾರದೊಳಗೆ ಅಕ್ಷರ ಹಾರಿಹೋಗುತ್ತದೆ. ಇನ್‌ಸ್ಪೆಕ್ಟರ್ ಮುಂದೆ ಖಾಲಿ ಕಾಗದ ಹಿಡಿದು ನಿಂತವರನ್ನೂ ನೋಡಿದ್ದೇನೆ.